ಉಗುರಿನ ಸುಣ್ಣ

ಒಂದು ಕಾಲದಲ್ಲಿ ನನ್ನ ನಾಲಿಗೆಗೆ ಬಹಳ ಸೊಕ್ಕಿತ್ತು. ಹರಪನಹಳ್ಳಿಯ ಶೇಂಗಾ ಮಂಡಿಯಲ್ಲಿ ನಾನು ಗುಮಾಸ್ತ. ಒಂದು ಕಾಳು ಕಡಿದರೆ ಸಾಕು, ಹೊಸದೋ ಹಳೆಯದೋ, ಹಸಿಯೋ ಒಣಗಿದ್ದೋ, ಮಳೆಗೆ ನೆಂದು ಮತ್ತೆ ಒಣಗಿಸಿದ್ದೋ, ಎಲ್ಲ ಹೇಳಿಬಿಡುತ್ತಿದ್ದೆ. ಮಾಲು ತಂದವರು ಗೊಣಗುತ್ತ, "ಇವಂದು ನಾಲಿಗಿ ಅಲ್ಲಲೇ, ತಕ್ಕಡಿ" ಅನ್ನುತ್ತಿದ್ದರು. ಬೈದದ್ದೋ ಹೊಗಳಿದ್ದೋ ಅವರಿಗೇ ಗೊತ್ತು. ನಾನಂತೂ ಹೊಗಳಿಕೆ ಎಂದೇ ತಿಳಿದು ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ. ಇಪ್ಪತ್ತಾರರ ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು. ಇದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿನ ಮಾತು.

ಈ ನಾಲಿಗೆಯ ಸುದ್ದಿ ಹೇಗೋ ಹಿರೇಹಡಗಲಿ ಕಡೆಯ ಸೇಂದಿ ಅಂಗಡಿಗಳ ಗುತ್ತಿಗೆದಾರರ ಕಿವಿಗೆ ಬಿತ್ತು. ಒಳ್ಳೆಯ ಮನುಷ್ಯ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ಮಂಡಿಗೇ ಬಂದು, "ನಮ್ಮ ಗಡಿಗಿ ನೋಡಾಕ ಬರ್ರಿ" ಎಂದು ಕರೆದರು. ಹೀಗೆ ನಾನು ಸೇಂದಿಯ ರುಚಿ ಹೇಳುವವನಾದೆ.

ಈಗ ಪಟ್ಟಣಗಳಲ್ಲಿ ಬಿಯರ್ ಹಬ್ಬ ಮಾಡುತ್ತಾರಂತೆ. ಊರೂರಿನಲ್ಲಿ ಕೈಯಾರೆ ತಯಾರಿಸಿದ್ದನ್ನು ಸಾಲಾಗಿ ಇಟ್ಟು, ಪುಟ್ಟ ಪುಟ್ಟ ಗ್ಲಾಸಿನಲ್ಲಿ ಹಾಕಿಕೊಂಡು, ಮೂಸಿ, ನಾಲಿಗೆಯ ಮೇಲೆ ಹೊರಳಿಸಿ ಮಾತಾಡುತ್ತಾರೆಂದು ಪೇಪರಿನಲ್ಲಿ ಓದಿದಾಗ ನನಗೆ ನಗು ಬರುತ್ತದೆ. ನಾವೂ ಮೂಸಿದ್ದೇವೆ ಸ್ವಾಮಿ! ಚಳಿ ಬಿದ್ದು ಈಚಲು ಮರಗಳಲ್ಲಿ ರಸ ಚೆನ್ನಾಗಿ ಇಳಿಯತೊಡಗಿದ ಮೇಲೆ ಒಂದು ಭಾನುವಾರ, ಹಳ್ಳದ ಬದಿಯ ಈಚಲು ಬನದಲ್ಲಿ ಆ ಸೀಮೆಯ ಸೇಂದಿ ಇಳಿಸುವವರೆಲ್ಲ ಸೇರುತ್ತಿದ್ದರು. ಕೊಟ್ಟೂರಿನ ಕಡೆಯವರು, ಕೂಡ್ಲಿಗಿ ಕಡೆಯವರು, ಹಗರಿಬೊಮ್ಮನಹಳ್ಳಿಯವರು, ಚಿಗಟೇರಿಯವರು, ಏಳೆಂಟು ಮಂದಿ. ಒಬ್ಬೊಬ್ಬರದು ಒಂದೊಂದು ಗಡಿಗೆ. ಅದಕ್ಕೇ 'ಗಡಿಗಿ ನೋಡೋದು' ಎಂಬ ಹೆಸರು. ಒಂದು ಕಡೆ ಒಗ್ಗರಣೆ ಮಂಡಕ್ಕಿ, ಇನ್ನೊಂದು ಕಡೆ ಬಾಣಲೆಯಲ್ಲಿ ಮಿರ್ಚಿ, ನಡುವೆ ಜನರ ನಗು, ಕೀಟಲೆ. ಮರಕ್ಕೊಂದು ರುಚಿ, ಮಣ್ಣಿಗೊಂದು ರುಚಿ ಎಂಬುದನ್ನು ನಾನು ಕಲಿತದ್ದು ಅಲ್ಲಿಯೇ. ಕೆಂಪು ಮಣ್ಣಿನ ಮರದ ಸೇಂದಿ ಸ್ವಲ್ಪ ಒಗರು, ಹಳ್ಳದ ದಂಡೆಯದು ತಿಳಿ, ಸಿಹಿ.

ಗಡಿಗೆ ನೋಡುವುದಕ್ಕೆ ಕಟ್ಟುನಿಟ್ಟಿನ ಕ್ರಮವಿತ್ತು. ಗಡಿಗೆ ತಂದವರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕು. ಗುತ್ತಿಗೆದಾರರು ಗಡಿಗೆಗಳನ್ನು ಅದಲು ಬದಲು ಮಾಡಿ ಸಾಲಾಗಿ ಇಡುತ್ತಾರೆ. ರುಚಿ ನೋಡುವವನು ಹಿಂದಿನ ರಾತ್ರಿಯಿಂದ ಬೀಡಿ ಮುಟ್ಟುವಂತಿಲ್ಲ, ಎಲೆ ಅಡಿಕೆ ಹಾಕುವಂತಿಲ್ಲ, ಉಳ್ಳಾಗಡ್ಡಿ ತಿನ್ನುವಂತಿಲ್ಲ. ಹೂವಿನ ಘಮ ಗಡಿಗೆಗೆ ತಾಗಬಾರದೆಂದು ಮಲ್ಲಿಗೆ ಮುಡಿದ ಹೆಂಗಸರು ಆ ಹೊತ್ತಿನಲ್ಲಿ ದೂರ ಕೂರುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಹಿಡಿಯಬೇಕಾದದ್ದು ಸುಣ್ಣ. ಗಡಿಗೆಯ ಒಳಗೆ ಸುಣ್ಣ ಬಳಿದರೆ ರಸ ಬೇಗ ಹುಳಿಯಾಗುವುದಿಲ್ಲ, ನಿನ್ನೆ ಇಳಿಸಿದ್ದನ್ನು ಇವತ್ತಿನದೆಂದು ದಾಟಿಸಬಹುದು. ಅವರ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮೋಸವಿಲ್ಲ. ಸುಣ್ಣ ಸಿಕ್ಕರೆ ಸೇಂದಿಯನ್ನು ಅಲ್ಲೇ ಮರದ ಬುಡಕ್ಕೆ ಚೆಲ್ಲಿ ಗಡಿಗೆಯನ್ನು ಬೋರಲು ಹಾಕುತ್ತಿದ್ದರು. ಆ ವರ್ಷವಿಡೀ ಅವನ ಸೇಂದಿ ಯಾವ ಅಂಗಡಿಗೂ ಹೋಗುವಂತಿಲ್ಲ, ಅವನ ಮರಗಳು ಬೇರೆಯವರ ಪಾಲು.

ಇದರ ಜೊತೆಗೆ ಇನ್ನೊಂದು ಪದ್ಧತಿ. ಯಾರ ಗಡಿಗೆ ಬೋರಲು ಬಿತ್ತೋ ಆ ಮನೆಯ ಹೆಂಗಸೇ ರುಚಿ ನೋಡಿದವನಿಗೆ ಮೊದಲ ತುತ್ತು ಬಡಿಸಬೇಕು. ಮನಸ್ಸಿನಲ್ಲಿ ಹಗೆ ಉಳಿಯಬಾರದು ಎಂದು. ಮೊದಲ ಎರಡು ವರ್ಷ ಯಾರ ಗಡಿಗೆಯೂ ಬೋರಲು ಬಿದ್ದಿರಲಿಲ್ಲ.

ಮೂರನೆಯ ವರ್ಷ ನಾನು ಶನಿವಾರವೇ ಹೊರಟು ಹಡಗಲಿಯಲ್ಲಿ ಅಕ್ಕನ ಮನೆಯಲ್ಲಿ ಉಳಿದೆ. ಭಾನುವಾರ ಬೆಳಿಗ್ಗೆ ಹೊರಡುವಾಗ ಅಕ್ಕ ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ ಇಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡಕ್ಕ, ಇವತ್ತು ಗಡಿಗಿ ನೋಡೋದೈತಿ."

"ಗಡಿಗಿ ನೋಡಾಕ ಊರೆಲ್ಲ ಐತಿ, ನನಗ ತಮ್ಮ ಒಬ್ಬನ ಅದಾನ. ತವರುಮನ್ಯಾನವ ಎಲಿ ಹಾಕ್ಕೊಳ್ದ ಹೊಸ್ತಿಲ ದಾಟಿದ್ರ ನನ್ನ ಮನಿಗಿ ಒಳ್ಳೇದೇನು? ಹಾಕ್ಕೊಂಡು ಹಾದ್ಯಾಗ ಉಗುಳು, ನಾನ್ಯಾಕ ಬ್ಯಾಡಂತೀನಿ."

ಅಕ್ಕನ ಕಣ್ಣು ಆಗಲೇ ತುಂಬಿಕೊಂಡಿದ್ದವು. ಎಲೆ ಅಂಗೈ ಮೇಲೆ ಇಟ್ಟುಕೊಂಡು, ಬಲಗೈ ತೋರುಬೆರಳಿನಿಂದ ಸುಣ್ಣ ಸವರಿ, ಮಡಚಿ ಬಾಯಿಗಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಉಗುಳಿ, ನಲ್ಲಿಯ ಕೆಳಗೆ ಬಾಯಿಯೊಡ್ಡಿ ಹತ್ತು ಸಲ ಮುಕ್ಕಳಿಸಿದೆ. ಬೇವಿನ ಕಡ್ಡಿ ಜಗಿದೆ. ಮಂಡಕ್ಕಿ ತಿಂದೆ. ನಾಲಿಗೆ ಹೊರಳಿಸಿ ನೋಡಿದೆ, ಏನೂ ಇಲ್ಲ. ನನ್ನ ನಾಲಿಗೆ ಅಷ್ಟಕ್ಕೆಲ್ಲ ಕೆಡುವಂಥದ್ದೇ ಎಂದುಕೊಂಡು ಬಸ್ಸು ಹತ್ತಿದೆ.

ಬನದಲ್ಲಿ ಆ ವರ್ಷ ಜನ ಹೆಚ್ಚು ಸೇರಿದ್ದರು. ಅದಕ್ಕೆ ಕಾರಣವೂ ಇತ್ತು. ಆ ಹಳ್ಳದ ಬದಿಯ ಮರಗಳನ್ನೇ ಮೊದಲಿನಿಂದ ಇಳಿಸುತ್ತಿದ್ದ ಒಬ್ಬ ಅಜ್ಜ ಹಿಂದಿನ ವರ್ಷ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಎದ್ದನಾದರೂ ಕುಂಟು ಉಳಿದಿತ್ತು. "ಮುದುಕ ಇನ್ನ ಮರ ಹತ್ತಂಗಿಲ್ಲ ಬಿಡ್ರಿ, ಆ ಮರ ನಮಗ ಕೊಡ್ರಿ" ಎಂದು ಇಬ್ಬರು ಮೂವರು ಆಗಲೇ ಗುತ್ತಿಗೆದಾರರ ಹಿಂದೆ ಬಿದ್ದಿದ್ದರು. ಅಜ್ಜನಿಗೆ ಹೊಲವಿಲ್ಲ, ಮನೆಯಲ್ಲಿ ಹೆಂಡತಿಯೊಬ್ಬಳೇ. ಆ ಮರಗಳೇ ಅವರ ಅನ್ನ. ಈ ವರ್ಷ ಅವನ ಗಡಿಗೆಯ ಸೇಂದಿ ಚೆನ್ನಾಗಿದ್ದರೆ ಮರ ಉಳಿಯುತ್ತವೆ, ಇಲ್ಲದಿದ್ದರೆ ಇಲ್ಲ. ಗುತ್ತಿಗೆದಾರರು ನನ್ನ ಕಿವಿಯಲ್ಲಿ ಇದನ್ನೆಲ್ಲ ಹೇಳಿ, "ಯಾರ ಗಡಿಗಿ ಯಾವುದು ಅಂತ ನಿಮಗ ಗೊತ್ತಾಗಂಗಿಲ್ಲ, ಇದ್ದದ್ದು ಇದ್ದಂಗ ಹೇಳ್ರಿ" ಅಂದರು.

"ನನ್ನ ನಾಲಿಗಿಗೆ ಸುಳ್ಳು ಬರಂಗಿಲ್ರೀ" ಅಂದೆ.

ರುಚಿ ನೋಡುವಾಗ ನನ್ನದೊಂದು ಠೀವಿ ಇತ್ತು. ತೆಂಗಿನ ಚಿಪ್ಪಿನಲ್ಲಿ ಸೇಂದಿ ಬಗ್ಗಿಸಿಕೊಂಡು, ಮೊದಲು ತೋರುಬೆರಳು ಅದ್ದಿ, ಜನರೆಲ್ಲ ನೋಡಲಿ ಎಂದು ಎತ್ತರಕ್ಕೆ ಹಿಡಿದು, ನಾಲಿಗೆಗೆ ಒರೆಸಿಕೊಂಡು, ಕಣ್ಣು ಮುಚ್ಚುತ್ತಿದ್ದೆ. ಆಮೇಲೆ ಒಂದು ಗುಟುಕು. ಅವತ್ತೂ ಮೊದಲ ಗಡಿಗೆಗೆ ಹಾಗೇ ಮಾಡಿದೆ. ಬೆರಳು ನಾಲಿಗೆಗೆ ತಾಗಿದ್ದೇ ತಡ, ಚುರ್ ಅಂದಿತು.

"ಸುಣ್ಣ!" ಎಂದು ಕೂಗಿಬಿಟ್ಟೆ.

ಜನ ಮುಂದೆ ಒತ್ತಿ ಬಂದರು. ಗುತ್ತಿಗೆದಾರರ ಮುಖ ಸಣ್ಣದಾಯಿತು. "ಇನ್ನೊಂದು ಸಲ ನೋಡ್ರಿ ಗುಮಾಸ್ತರ" ಅಂದರು.

ನನಗೆ ಪಿತ್ತ ನೆತ್ತಿಗೇರಿತು. "ಯಾಕ್ರಿ, ನನ್ನ ನಾಲಿಗಿ ಮ್ಯಾಲ ನಂಬಿಕಿ ಇಲ್ಲೇನು? ಒಂದು ಸಲ ಹೇಳಿದ್ದು ಹೇಳಿದ್ದ" ಎಂದು ಚಿಪ್ಪನ್ನು ಕುಕ್ಕಿದೆ.

ಗಡಿಗೆ ಎತ್ತಿ ಮರದ ಬುಡಕ್ಕೆ ಸುರಿದರು. ಬುರುಗು ಮಣ್ಣಿನಲ್ಲಿ ಇಂಗಿತು. ಗಡಿಗೆ ಬೋರಲು ಹಾಕಿ, "ಯಾರದು?" ಎಂದು ಕೂಗಿದಾಗ ಬೆನ್ನು ತಿರುಗಿಸಿ ನಿಂತಿದ್ದವರ ಸಾಲಿನಿಂದ ಆ ಅಜ್ಜ ಕುಂಟುತ್ತ ಬಂದ. ನನ್ನ ಮುಖ ನೋಡಲಿಲ್ಲ. ಗಡಿಗೆಯ ಮೇಲೆ ಕೈಯಿಟ್ಟು, "ನಂದ್ರಿ" ಅಂದ. ಅಷ್ಟೇ. ಜಗಳ ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮರ ಕೇಳುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಉಳಿದ ಗಡಿಗೆಗಳನ್ನು ಸಿಟ್ಟಿನಲ್ಲಿ ಬೆರಳು ಅದ್ದದೆ ಬರೀ ಗುಟುಕಿನಲ್ಲೇ ನೋಡಿದೆ, ಒಂದರಲ್ಲೂ ಸುಣ್ಣ ಸಿಗಲಿಲ್ಲ. ಕೊಟ್ಟೂರಿನ ಕಡೆಯವನದು ಗೆದ್ದಿತು, ಅವನ ಹೆಗಲಿಗೆ ಹೊಸ ಟವೆಲ್ಲು ಬಿತ್ತು. ಜನ ಮತ್ತೆ ನಗತೊಡಗಿದರು, ಬಾಣಲೆ ಮತ್ತೆ ಚುಂಯ್‌ಗುಟ್ಟಿತು. ನಾನು ಎಲೆಯ ಮುಂದೆ ಕೂತೆ.

ಬಡಿಸಲು ಅಜ್ಜನ ಹೆಂಡತಿ ಬಂದಳು. ಪದ್ಧತಿಯಂತೆ ಬರಲೇಬೇಕಲ್ಲ. ಅತ್ತು ಕೆಂಪಗಾದ ಕಣ್ಣು, ಆದರೆ ಸೆರಗು ನೆಟ್ಟಗೆ. ಜೋಳದ ರೊಟ್ಟಿ ಹಾಕಿದಳು, ಪುಂಡಿಪಲ್ಯ ಹಾಕಿದಳು. ನಾನು ರೊಟ್ಟಿಗೆ ಕೈ ಹಾಕಿದೆ. ಅವಳು ಅಲ್ಲೇ ನಿಂತು ನನ್ನ ಕೈ ನೋಡಿದಳು. ಆಮೇಲೆ ಬಾಗಿ, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ ಹೇಳಿದಳು.

"ಉಗುರಾಗ ಸುಣ್ಣ ಐತಿ ಮಗಾ. ಕೈ ತೊಳ್ಕೊಂಡು ಉಣ್ಣು, ಹೊಟ್ಟಿ ಕೆಟ್ಟೀತು."

ಹೇಳಿ ಮುಂದಿನ ಎಲೆಗೆ ಹೋದಳು.

ನೋಡಿಕೊಂಡೆ. ತೋರುಬೆರಳಿನ ಉಗುರಿನ ಸಂದಿಯಲ್ಲಿ ಅಕ್ಕನ ಮನೆಯ ಸುಣ್ಣ ಇನ್ನೂ ಬೆಳ್ಳಗೆ ಕೂತಿತ್ತು. ಬಾಯಿಯನ್ನು ಹತ್ತು ಸಲ ತೊಳೆದ ಜಾಣ ನಾನು, ಬೆರಳು ತೊಳೆದಿರಲಿಲ್ಲ. ಸುಣ್ಣ ಗಡಿಗೆಯಲ್ಲಿರಲಿಲ್ಲ, ನಾನೇ ಅದ್ದಿ ನಾನೇ ನೆಕ್ಕಿದ್ದೆ.

ಸುಳ್ಳು ಯಾಕೆ ಹೇಳಲಿ, ಮೊದಲು ಮಾಡಿದ ಕೆಲಸ ಬೆರಳು ಮಡಚಿ ಮುಚ್ಚಿಕೊಂಡದ್ದು. ಬೇರೆ ಯಾರೂ ನೋಡಿಲ್ಲ, ಸೇಂದಿ ಮಣ್ಣು ಸೇರಿದೆ, ಊಟ ಮುಗಿಸಿ ಬಸ್ಸು ಹತ್ತಿದರಾಯಿತು ಎಂದು ಮನಸ್ಸು ಹೇಳಿತು. ಆದರೆ ಮುರಿದ ರೊಟ್ಟಿಯನ್ನು ಮತ್ತೆ ಎಲೆಗೇ ಇಟ್ಟೆ. ಆಚೆ ನೋಡಿದರೆ ಅಜ್ಜ ಖಾಲಿ ಗಡಿಗೆಯನ್ನು ಟವೆಲ್ಲಿನಿಂದ ಒರೆಸುತ್ತಿದ್ದ. ಈಚೆ ಆ ತಾಯಿ ಇನ್ನೊಬ್ಬರಿಗೆ ರೊಟ್ಟಿ ಹಾಕುತ್ತಿದ್ದಳು. ಅವಳು ಕೂಗಬಹುದಿತ್ತು. ನನ್ನ ಕೈ ಹಿಡಿದೆತ್ತಿ ಎಲ್ಲರಿಗೂ ತೋರಿಸಿ ಮಾನ ಕಳೆಯಬಹುದಿತ್ತು, ನ್ಯಾಯ ಅವಳ ಕಡೆಯೇ ಇತ್ತು. ಹಾಗೆ ಮಾಡದೆ ನನ್ನ ಮರ್ಯಾದೆಯನ್ನು ನನ್ನ ಕೈಗೇ ಕೊಟ್ಟು ಹೋಗಿದ್ದಳು.

ಎಂಜಲು ಕೈಯಲ್ಲೇ ಎದ್ದು ನಿಂತೆ. "ನನ್ನ ಮಾತು ಕೇಳ್ರಿ!" ಅಂದೆ. "ಅಜ್ಜಂದು ತಪ್ಪಿಲ್ಲ. ನಾನು ಮುಂಜಾನಿ ಎಲಿ ಹಾಕ್ಕೊಂಡು ಬಂದೀನಿ. ಸುಣ್ಣ ನನ್ನ ಉಗುರಾಗ ಇತ್ತು" ಎಂದು ಬೆರಳೆತ್ತಿ ತೋರಿಸಿದೆ. ಗದ್ದಲವೆದ್ದಿತು. "ಎಲಾ ಇವನ! ತಕ್ಕಡ್ಯಾಗ ಕಲ್ಲಿತ್ತೇನ್ಲೇ?" ಎಂದು ಒಬ್ಬ ಕೂಗಿದ. ಮರ ಕೇಳುತ್ತಿದ್ದವರು, "ಚೆಲ್ಲಿದ್ದು ಚೆಲ್ಲಿತು, ನೋಡಿದವರ ಮಾತು ತಿರುಗಂಗಿಲ್ಲ" ಎಂದು ಹಟ ಹಿಡಿದರು. ಗುತ್ತಿಗೆದಾರರು ಹೊಟ್ಟೆ ಸವರಿಕೊಂಡು ಯೋಚಿಸಿ, "ಅಜ್ಜ, ಇವತ್ತು ಸಂಜಿಗೆ ಮರ ಹತ್ತಿ ಗಡಿಗಿ ಕಟ್ಟು. ನಾಳೆ ಮುಂಜಾನಿ ನಾನ ಬಂದು ರುಚಿ ನೋಡ್ತೀನಿ" ಅಂದರು.

ನಾನು ಊರಿಗೆ ಹೋಗಲಿಲ್ಲ. ಬೋರಲು ಬಿದ್ದಿದ್ದ ಆ ಗಡಿಗೆಯನ್ನು ಹಳ್ಳಕ್ಕೆ ಒಯ್ದು ನಾನೇ ತಿಕ್ಕಿ ತೊಳೆದೆ. ಸಂಜೆಗೆ ಅಜ್ಜ ಸೊಂಟಕ್ಕೆ ಹಗ್ಗ ಬಿಗಿದು ಮರ ತಬ್ಬಿದ. ಬಿದ್ದ ಮೇಲೆ ಜನರ ಎದುರು ಹತ್ತುತ್ತಿದ್ದದ್ದು ಅದೇ ಮೊದಲಂತೆ. ಕೆಳಗೆ ನಿಂತ ನನಗೆ ಬೆವರು. ಆಸಾಮಿ ಕುಂಟು ಕಾಲನ್ನು ಎಳೆದುಕೊಂಡೇ ಮೇಲೆ ಹೋಗಿ, ಗಡಿಗೆ ಕಟ್ಟಿ, ಅಲ್ಲಿಂದಲೇ ಕೂಗಿದ, "ಏ ಗುಮಾಸ್ತ, ಕೈ ತೊಳ್ಕೊಂಡಿಯೇನ್ಲೇ?" ಕೆಳಗಿದ್ದವರೆಲ್ಲ ನಕ್ಕರು, ಮರ ಕೇಳುತ್ತಿದ್ದವರೂ ನಕ್ಕರು. ಮಾರನೆಯ ದಿನ ಗುತ್ತಿಗೆದಾರರು ಒಂದೇ ಗುಟುಕಿಗೆ ತಲೆ ಆಡಿಸಿ, "ಮರ ಅಜ್ಜಂದ" ಅಂದರು. ಸೋಮವಾರದ ಕೆಲಸ ತಪ್ಪಿಸಿದ್ದಕ್ಕೆ ಮಂಗಳವಾರ ಮಂಡಿಯಲ್ಲಿ ಸಾಹುಕಾರರ ಹತ್ತಿರ ನನಗೆ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಇನ್ನು ಮುಂದೆ ನನ್ನನ್ನು ಯಾರು ಕರೆದಾರು ಅಂದುಕೊಂಡಿದ್ದೆ. ಮರುವರ್ಷ ಮತ್ತೆ ಕರೆ ಬಂತು. ಆ ತಾಯಿಯೇ, "ಅವನ ಬರಲಿ, ತಪ್ಪು ಒಪ್ಪಿದ ನಾಲಿಗಿ ಅದು" ಅಂದಿದ್ದಳಂತೆ. ಆದರೆ ಅವಳದೊಂದು ಷರತ್ತು. ಗಡಿಗೆ ಮುಟ್ಟುವ ಮೊದಲು ನಾನು ಅವಳ ಮುಂದೆ ಎರಡೂ ಕೈ ಚಾಚಬೇಕು. ಅವಳು ಹತ್ತೂ ಉಗುರು ನೋಡಿ ಹೂಂ ಅಂದ ಮೇಲೆಯೇ ರುಚಿ. ಜನರಿಗೆ ಅದೇ ದೊಡ್ಡ ತಮಾಷೆ. ನನಗೆ ಮೊದಲ ವರ್ಷ ನಾಚಿಕೆಯಾಯಿತು, ಆಮೇಲೆ ಅದಕ್ಕಾಗಿಯೇ ಹೋಗುವ ಹಾಗಾಯಿತು. ನಮ್ಮವ್ವ ನನ್ನ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ನನ್ನ ಕೈ ಹಿಡಿದು ಉಗುರು ನೋಡುವವರು ಇನ್ಯಾರಿದ್ದರು?

ಎಂಬತ್ತರ ದಶಕದ ನಡುವೆ ಅಜ್ಜ ತೀರಿಕೊಂಡ. ಮರದಿಂದ ಬಿದ್ದಲ್ಲ, ಮನೆಯ ಕಟ್ಟೆಯ ಮೇಲೆ ಮಲಗಿದ್ದಲ್ಲೇ. ಮರಗಳು ಕೊನೆಯವರೆಗೂ ಅವನ ಹೆಸರಿನಲ್ಲೇ ಇದ್ದವು. ಅದರ ಮುಂದಿನ ಚಳಿಗಾಲ ಗಡಿಗೆ ನೋಡಲು ಹೋದಾಗ ಆ ತಾಯಿ ಬನದಲ್ಲಿ ಕಂಬಳಿಯ ಮೇಲೆ ಕೂತಿದ್ದಳು. ಕಣ್ಣು ಪೂರ್ತಿ ಹೋಗಿದ್ದವು. ನನ್ನ ಧ್ವನಿ ಕೇಳಿ ಕೈ ಚಾಚಿದಳು. ಕೈ ಕೊಟ್ಟೆ. ಒಂದೊಂದೇ ಉಗುರನ್ನು ತನ್ನ ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ನೋಡಿದಳು. ಬಲಗೈಯ ತೋರುಬೆರಳನ್ನು ಎರಡು ಸಲ ಸವರಿದಳು.

"ಸುಣ್ಣ ಇಲ್ಲ" ಅಂದಳು. "ಹೋಗು ಮಗಾ, ನಿನ್ನ ಮಾತು ನಡೀತೈತಿ."