ಐದು ಏಳು ಕೂಡಿದರೆ ಒಂದು

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನನ್ನು ನೋಡಲು ಮಲ್ಲೇಶ್ವರದಿಂದ ಗಂಡಿನ ಕಡೆಯವರು ಬಂದರು. ಚಾಮರಾಜಪೇಟೆಯ ನಮ್ಮ ಮನೆಗೆ ಅಂದು ಸುಣ್ಣ ಬಳಿಯುವುದೊಂದು ಬಾಕಿ. ಸೋದರತ್ತೆ ತನ್ನ ರೇಷ್ಮೆ ಸೀರೆಯನ್ನೇ ನನಗೆ ಉಡಿಸಿ, ಹಾಡು ಕೇಳಿದರೆ ಯಾವುದನ್ನು ಹಾಡಬೇಕೆಂದು ತಾಲೀಮು ಮಾಡಿಸಿದ್ದಳು.

ಉಪ್ಪಿಟ್ಟಿನ ತಟ್ಟೆ ಕೊಟ್ಟು ಕುಳಿತೆ. ಹುಡುಗ ನನ್ನನ್ನು ಬಿಟ್ಟು ಉಪ್ಪಿಟ್ಟನ್ನೇ ನೋಡುತ್ತಿದ್ದ. ಅವನ ತಂದೆ ಗಂಟಲು ಸರಿಮಾಡಿಕೊಂಡರು.

"ಐದು, ಏಳು ಕೂಡಿದ್ರೆ ಒಂದು. ಹೇಗಮ್ಮಾ?"

ಹಾಡಲು ತೆರೆದ ಬಾಯಿ ಹಾಗೇ ಉಳಿಯಿತು. "ಹನ್ನೆರಡು ಅನ್ನೇ" ಎಂದು ಅತ್ತೆ ಹಿಂದಿನಿಂದ ತಿವಿದಳು.

ಅಡುಗೆಮನೆಯ ಬಾಗಿಲಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದರು: "ಐದು ತಿಂಗಳು, ಏಳು ತಿಂಗಳು ಸೇರಿದ್ರೆ ಒಂದು ವರ್ಷ. ಇದೇನ್ ಮಹಾ! ಎರಡು, ಎರಡು ಸೇರಿದ್ರೆ ಒಂದು. ಹೇಳಿ ನೋಡೋಣ."

ಹುಡುಗನ ತಂದೆಯ ಮುಖ ಅರಳಿತು. ಕುರ್ಚಿಯನ್ನೇ ಅಜ್ಜಿಯ ಕಡೆ ತಿರುಗಿಸಿಕೊಂಡರು. "ಪಾವು! ನಾಕು ಪಾವಿಗೆ ಒಂದು ಸೇರು."

"ಮೊಳ ಅಂದ್ರೂ ಆಗತ್ತೆ. ನಾಕು ಮೊಳಕ್ಕೆ ಒಂದು ಮಾರು ಹೂವು."

ಅಲ್ಲಿಗೆ ನನ್ನನ್ನು ಎಲ್ಲರೂ ಮರೆತರು.

"ಸರಿ, ಒಂದು, ಒಂದು ಸೇರಿದ್ರೆ ಒಂದು?" ಎಂದು ಅವರು ಕೇಳಿದಾಗ ಅತ್ತೆಗೆ ಪುಳಕವಾಯಿತು. ನನ್ನನ್ನೂ ಹುಡುಗನನ್ನೂ ಒಮ್ಮೆ ನೋಡಿ, ನಾಚಿಕೊಂಡು, "ಗಂಡ, ಹೆಂಡ್ತಿ" ಎಂದಳು.

"ಅಲ್ಲಮ್ಮಾ, ಚಪ್ಪಲಿ! ಎಡಗಾಲಿಂದೊಂದು, ಬಲಗಾಲಿಂದೊಂದು, ಸೇರಿದ್ರೆ ಒಂದು ಜೊತೆ."

ನಾನು ಜೋರಾಗಿ ನಕ್ಕುಬಿಟ್ಟೆ. ಹುಡುಗನಿಗೆ ಉಪ್ಪಿಟ್ಟು ನೆತ್ತಿಗೆ ಹತ್ತಿತು. ನೀರು ಕುಡಿದು ಅವನು ಆಡಿದ ಒಂದೇ ಮಾತು: "ಅಪ್ಪಾ, ಹೋಗೋಣ್ವಾ?"

ಆಮೇಲೆ ಸಮಾಚಾರ ಬಂತು. ಹುಡುಗಿ ಜಾಸ್ತಿ ನಗ್ತಾಳೆ, ಬೇಡ. ನನಗೇನೂ ಬೇಸರವಾಗಲಿಲ್ಲ, ಅತ್ತೆ ಮಾತ್ರ ಚಪ್ಪಲಿಗೆ ಶಾಪ ಹಾಕಿದಳು.

ಮರು ಭಾನುವಾರ ಗೇಟಿನ ಬಳಿ ಕೊಡೆ ಹಿಡಿದು ನಿಂತವರು ಹುಡುಗನ ತಂದೆ. ಅಪ್ಪ ತಬ್ಬಿಬ್ಬಾದರು.

"ಸಂಬಂಧ ಬೇಡ ಅಂತ ಹೇಳಿ ಕಳಿಸಿದ್ರಲ್ಲಾ?"

"ಅದು ಅವನ ವಿಷ್ಯ. ನಿಮ್ಮಮ್ಮ ಇದಾರಾ?"

ಅಜ್ಜಿ ಸಿದ್ಧವಾಗಿಯೇ ಇದ್ದರು. "ಮೂವತ್ತು, ಮೂವತ್ತು ಸೇರಿದ್ರೆ ಒಂದು?"

"ನಿಮಿಷ. ಒಂದು ಗಂಟೆ."

"ತಪ್ಪು. ಹಗಲು ಮೂವತ್ತು ಘಳಿಗೆ, ರಾತ್ರಿ ಮೂವತ್ತು ಘಳಿಗೆ. ಒಂದು ದಿನ."

"ನಂದೂ ಸರೀನೇ ಅಲ್ವಾ?"

"ಗಂಟೆ ಹೋಗಿ ದಿನ ಆಗತ್ತೇನ್ರೀ?"

ಇಬ್ಬರೂ ಬಿಟ್ಟುಕೊಡಲಿಲ್ಲ. ಆ ಜಗಳ ಭಾನುವಾರದಿಂದ ಭಾನುವಾರಕ್ಕೆ ಮುಂದುವರಿಯಿತು. ಅಮ್ಮ ಬೈದುಕೊಂಡೇ ಅವರಿಗೂ ಕಾಫಿಗೆ ಹಾಲು ಹಾಕಿಸತೊಡಗಿದಳು.

ಕೊನೆಗೆ ಬಸವನಗುಡಿಯ ಬೇರೆ ಹುಡುಗನೊಂದಿಗೆ ನನ್ನ ಮದುವೆಯಾಯಿತು. ಅಲ್ಲಿಗೂ ಅವರು ಜರತಾರಿ ಪಂಚೆಯುಟ್ಟು ಬಂದು ಅಜ್ಜಿಯ ಪಕ್ಕ ಕೂತರು. ನಮ್ಮವರಲ್ಲಿ ಬಹಳ ಜನ ಅವರನ್ನು ಗಂಡಿನ ಕಡೆಯವರೆಂದುಕೊಂಡರು. ಗಂಡಿನ ಕಡೆಯವರು ನಮ್ಮವರೆಂದುಕೊಂಡರು. ಇಬ್ಬರೂ ಉಪಚಾರ ಮಾಡಿದ್ದೇ ಮಾಡಿದ್ದು. ಎರಡೂ ಕಡೆಯಿಂದ ಬಂದ ತೆಂಗಿನಕಾಯಿ ಹಿಡಿದುಕೊಂಡು ಅವರು ಮಲ್ಲೇಶ್ವರದ ಬಸ್ಸು ಹತ್ತಿದರು.