ಎಡಕ್ಕೆ ದಾಟಿಸಿದ ಎಲೆ

ಹೋದ ಭಾನುವಾರ ಕಾಂದಿವಲಿಗೆ, ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದೆ. ಊಟವಾದ ಮೇಲೆ ಅವನ ಮಗಳು ರಶ್ಮಿ ಹೊಸ ಆಟದ ಡಬ್ಬಿಯೊಂದನ್ನು ಬಿಚ್ಚಿದಳು. ಹೊಸ ರಟ್ಟಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹಿಂದಿನ ಕಾಲದ ವ್ಯಾಪಾರಿಗಳು ಒಂಟೆ, ಹಡಗು ಹೊಂದಿಸಿಕೊಂಡು ದೇಶ ಸುತ್ತುವ ಇಸ್ಪೀಟಿನಂಥ ಆಟವಂತೆ. "ಅತ್ತೆ, ಸಿಂಪಲ್ ಹೈ. ಒಂದ್ ಕಾರ್ಡ್ ಇಟ್ಕೊಳ್ಳೋದು, ಬಾಕಿ ಸಬ್ ಲೆಫ್ಟ್‌ಗೆ ಪಾಸ್. ಸಮ್ಝೇ ನಾ?" ಅಂದಳು. ನನಗೆ ಪಾಠ! ನಾನು ಅಣ್ಣನ ಕಡೆ ನೋಡಿದೆ. ಅವನು ಕನ್ನಡಕ ಒರೆಸತೊಡಗಿದ.

ಈ ಆಟ ನಮ್ಮ ಮನೆಯಲ್ಲಿ ಎಂಬತ್ತರ ದಶಕದಲ್ಲೇ ಇತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಆಗ ನಾವು ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೆವು. ಅಪ್ಪನಿಗೆ ಆಫೀಸಿನಲ್ಲಿ ಫೈಲು, ಮನೆಯಲ್ಲಿ ಇತಿಹಾಸದ ಹುಚ್ಚು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಕೆಲವಕ್ಕೆ ಮೆಣಸು, ರೇಷ್ಮೆ, ಕುದುರೆ ಎಂದೂ ಕೆಲವಕ್ಕೆ ಸೋಪಾರಾ, ಕಲ್ಯಾಣ, ಪೈಠಣ ಎಂದು ಹಳೆಯ ಪೇಟೆಗಳ ಹೆಸರನ್ನೂ ಬರೆದು ಎಲೆ ಮಾಡಿದ್ದರು. "ಕಲ್ಯಾಣ್ ಅಂದ್ರೆ ನಿಮಗೆ ಲೋಕಲ್ ನಿಲ್ಲೋ ಸ್ಟೇಷನ್ನು. ಒಂದ್ ಕಾಲಕ್ಕೆ ಹಡಗು ನಿಲ್ತಿತ್ತು ಕಣ್ರೋ" ಎನ್ನುವರು. ಅಪ್ಪ, ಅಣ್ಣ, ಅಕ್ಕ, ನಾನು ನಾಲ್ಕು ಕೈ. ಅಮ್ಮ ಸೌಟು ಹಿಡಿದು ಬಾಗಿಲಿಗೊರಗಿ ನೋಡುವವಳು. ಆಮೇಲೆ ಮನೆಯ ಜಗಳಗಳೂ ಇದರಲ್ಲೇ ಇತ್ಯರ್ಥವಾಗತೊಡಗಿದವು. ರೈಲಿನ ಕಿಟಕಿ ಸೀಟು, ತಳ ಹತ್ತಿದ ಕೇಸರಿಭಾತು, ಎಲ್ಲವನ್ನೂ ಎಲೆಗಳ ಮೇಲೆ ಬರೆದು ಹಂಚುವುದು; ಯಾರು ಯಾವ ಎಲೆ ಇಟ್ಟುಕೊಂಡರೋ ಅದು ಅವರಿಗೆ. ಎಲೆ ತೀರ್ಮಾನಿಸಿದ ಮೇಲೆ ಯಾರೂ ಸೊಲ್ಲೆತ್ತುವಂತಿಲ್ಲ.

ತೊಂಬತ್ತರ ದಶಕದ ಮೊದಲಿಗೆ ಅಪ್ಪ ಹೋದರು. ಕ್ವಾರ್ಟರ್ಸ್ ಬಿಡಬೇಕಾಯಿತು. ಸಾಮಾನು ಹಂಚುವುದೇನು ಕಷ್ಟವಿರಲಿಲ್ಲ. ಅಮ್ಮ ಯಾರ ಜೊತೆ ಇರಬೇಕು ಎಂಬಲ್ಲಿ ಕಿತ್ತಾಟ ಶುರುವಾಯಿತು. ಮೂವರಿಗೂ ಬೇಕು! ಅಣ್ಣ ಅತ್ತಿಗೆ ಇಬ್ಬರೂ ಕೆಲಸಕ್ಕೆ ಹೋಗುವವರು, ರಶ್ಮಿ ಇನ್ನೂ ತೊಟ್ಟಿಲಲ್ಲಿ. ಭಾಂಡುಪ್‌ನಲ್ಲಿದ್ದ ಅಕ್ಕನಿಗೆ ಎರಡನೆಯದಕ್ಕೆ ದಿನ ತುಂಬಿತ್ತು. ನಾನೋ, ಹೊಸದಾಗಿ ಕೆಲಸ ಸಿಕ್ಕಿ ಬಾಡಿಗೆಗೆ ಒಂದು ಖೋಲಿ ಹುಡುಕಿದ್ದವಳು; ಅಮ್ಮನಿಲ್ಲದ ಮನೆಯ ಬೀಗ ತೆಗೆಯುವುದನ್ನು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

"ನಿನ್ನ ಮಗೂಗೆ ಆಯಾ ಇಟ್ಕೋ, ಅಮ್ಮ ಯಾಕೆ?" ಎಂದಳು ಅಕ್ಕ. ಅಣ್ಣ ತಟ್ಟೆ ಸರಿಸಿ ಎದ್ದ. ಕೊನೆಗೆ ಅವನೇ, "ಅಪ್ಪನ ಆಟದಲ್ಲೇ ತೀರ್ಮಾನ ಆಗ್ಲಿ" ಎಂದ. ಬೀರು, ಟೀವಿ, ಹೊಲಿಗೆ ಮಿಷನ್, ಕಾಫಿ ಫಿಲ್ಟರ್ ಎಲ್ಲ ಬರೆದು, ಕಡೆಯ ಎಲೆಯ ಮೇಲೆ 'ಅಮ್ಮ' ಎಂದು ಬರೆದ. ಆದರೆ ಕೈಗಳು ಮೂರೇ. ಆ ಆಟ ನಾಲ್ಕು ಜನರಿಲ್ಲದೆ ನಮಗೆ ಆಡಿ ಗೊತ್ತೇ ಇಲ್ಲ. "ಅಮ್ಮಾ, ಅಪ್ಪನ ಜಾಗದಲ್ಲಿ ಸುಮ್ನೆ ಕೂತ್ಕೋ. ಒಂದು ಇಟ್ಕೊಂಡು ಉಳಿದಿದ್ದು ನಂಗೆ ದಾಟಿಸ್ತಿರು, ಸಾಕು." ಹಾಗೆಂದವನು ಅವಳ ಎಡಕ್ಕೇ ಕೂತ, ಪಾಕಡಾ! ನಾನು ಅವಳ ಬಲಕ್ಕೆ.

ಎಲೆ ಹಂಚಿದ್ದಾಯಿತು. ಎತ್ತಿ ನೋಡುತ್ತೇನೆ, 'ಅಮ್ಮ' ನನ್ನ ಕೈಯಲ್ಲಿ! ಇಟ್ಟುಕೊಂಡರೆ ಮುಗಿಯಿತು, ಅಮ್ಮ ನನ್ನವಳು. ಪಕ್ಕಕ್ಕೆ ನೋಡಿದೆ. ಅವಳು ತನ್ನ ಎಲೆಗಳನ್ನು ಒಂದೊಂದಾಗಿ ಸರಿಸಿ ನೋಡುತ್ತಿದ್ದಳು. ತನ್ನ ಹೆಸರಿನ ಎಲೆಯನ್ನೇ ಹುಡುಕುತ್ತಿದ್ದಾಳೆ, ಅನ್ನಿಸಿತು. ಅಷ್ಟೇ ನೋಡಿ. ನಾನು ಕಾಫಿ ಫಿಲ್ಟರ್ ಇಟ್ಟುಕೊಂಡು ಉಳಿದದ್ದನ್ನು ಅವಳಿಗೆ ದಾಟಿಸಿಬಿಟ್ಟೆ. ದಾಟಿಸಿದ ಮೇಲೆ ಜೀವ ಬಾಯಿಗೆ ಬಂತು. ಅವಳು ಬಿಟ್ಟುಕೊಟ್ಟಳೋ, ಮುಂದಿನ ಕೈ ಅಣ್ಣನದು. ಬಿಟ್ಟುಕೊಟ್ಟೇ ಅಭ್ಯಾಸವಾದವಳು ಬೇರೆ.

ಅಮ್ಮ ಬಹಳ ಹೊತ್ತು ನೋಡಿದಳು. ಅಕ್ಕ, "ಬೇಗ ಇಡಮ್ಮಾ" ಎಂದು ಗದರಿದಳು. ಅಮ್ಮ ಒಂದೆಲೆ ಎಳೆದು ನೆಲದ ಮೇಲೆ ಕವುಚಿ ಹಾಕಿದಳು. ಮಿಕ್ಕಿದ್ದನ್ನು ಅಣ್ಣ ಕಿತ್ತುಕೊಂಡಂತೆ ತೆಗೆದುಕೊಂಡ. ಅವನ ಮುಖದಲ್ಲಿ ಏನೂ ತಿಳಿಯಲಿಲ್ಲ. ಎಲೆಗಳು ಸುತ್ತುತ್ತ ಹೋದವು.

ಕೊನೆಗೆ ಎಲ್ಲರೂ ಇಟ್ಟುಕೊಂಡ ಎಲೆಗಳನ್ನು ತಿರುಗಿಸಿ ತೋರಿಸಿದೆವು. ಅಣ್ಣನಿಗೆ ಬೀರು, ಅಕ್ಕನಿಗೆ ಟೀವಿ. ಅಮ್ಮನ ಮುಂದೆ ಹೊಲಿಗೆ ಮಿಷನ್; ಅದರ ಪಕ್ಕದಲ್ಲಿ 'ಅಮ್ಮ'.

"ಇದ್ ಹೆಂಗಾಗುತ್ತೆ? ನೀನು ಲೆಕ್ಕಕ್ಕೆ ಕೂತವಳು!" ಅಣ್ಣ ಕೂಗಿದ.

"ಕೂರಿಸ್ದೋನು ನೀನೇ ಕಣೋ. ಎಲೆ ಬಿದ್ದಾಯ್ತು, ಇನ್ನು ಮಾತಿಲ್ಲ" ಎಂದು ಅಮ್ಮ ಎದ್ದು ಅನ್ನಕ್ಕಿಡಲು ಹೋದಳು.

ಅಮ್ಮ ಯಾರ ಮನೆಗೂ ಹೋಗದೆ ಭಾಂಡುಪ್‌ನ ಚಾಳೊಂದರಲ್ಲಿ ಖೋಲಿ ಹಿಡಿದು, ಅಪ್ಪನ ಪೆನ್ಷನ್ನು, ರವಿಕೆ ಹೊಲಿಗೆ ಅಂತ ಕಡೆಯತನಕ ಅಲ್ಲೇ ಇದ್ದಳು. ಮೊಮ್ಮಕ್ಕಳನ್ನು ತನಗೆ ಬೇಕೆನಿಸಿದಾಗ ಕರೆಸಿಕೊಳ್ಳುತ್ತಿದ್ದಳು. ಮಿಷನ್ ಹೊತ್ತು ತಂದು ಇಳಿಸಿದ ದಿನ ನನ್ನನ್ನೊಂದು ಮಾತು ಕೇಳಿದಳು. "ನಿನ್ನ ಕೈಯಿಂದಲೇ ಬಂತಲ್ಲೇ ಅದು. ನಾನು ಬೇಡವಾಗಿದ್ನಾ ನಿಂಗೆ?"

"ಬೇಕಿತ್ತಮ್ಮಾ" ಎಂದೆ. ಅಳು ಬಂತು. ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೊನ್ನೆ ರಶ್ಮಿ ಎಲೆ ಹಂಚುತ್ತಿದ್ದಾಗ ಎಲ್ಲ ಹೇಳಿಬಿಟ್ಟೆ. ಅವಳು ಅಪ್ಪನ ಕಡೆ ತಿರುಗಿ, "ಅಜ್ಜಿಗೆ ನಮ್ ಜೊತೆ ಇರೋದು ಪಸಂದ್ ಇರ್ಲಿಲ್ವಾ ಪಪ್ಪಾ?" ಎಂದು ಕೇಳಿದಳು.

ಅಣ್ಣ ಕನ್ನಡಕವನ್ನು ಮೇಜಿನ ಮೇಲಿಟ್ಟ. "ಗೊತ್ತಿಲ್ಲ ಕಣೇ" ಎಂದ. "ನಾವ್ಯಾರೂ ಅವಳನ್ನ ಕೇಳ್ಲೇ ಇಲ್ಲ."