ಅಂಗಾಲಿನ ಕಾಡಿಗೆ

ಬೆಟಗೇರಿಯ ಹತ್ತಿ ಗಿರಣಿಯ ಭೋಂಗಾ ಇನ್ನೂ ಕೂಗಿಲ್ಲ. ಗೇಟಿನ ಬದಿಯ ತಗಡಿನ ಚಪ್ಪರದಲ್ಲಿ ದೇವವ್ವ ಆಗಲೇ ಕಸ ಗುಡಿಸಿ, ಅಡ್ಡತೊಲೆಗೆ ಹಳೆ ಸೀರೆಗಳ ತೊಟ್ಟಿಲು ಕಟ್ಟಿ, ಒಂದೊಂದನ್ನೂ ಜಗ್ಗಿ ನೋಡುತ್ತಿದ್ದಾಳೆ. ಮೂಡಲು ಕೆಂಪಾಗುವಷ್ಟರಲ್ಲಿ ಹೆಂಗಸರು ಬರತೊಡಗುತ್ತಾರೆ. ಬಿಂಕದಕಟ್ಟಿಯವರು ನಡೆದು ಬರುತ್ತಾರೆ, ಕುರ್ತಕೋಟಿಯವರು ಹತ್ತಿ ಬಂಡಿಯ ಮೇಲೆ ಕುಳಿತು. ಎಲ್ಲರ ಬಗಲಲ್ಲೂ ಒಂದು ಕೂಸು. ಇಷ್ಟು ಕೂಸುಗಳಿದ್ದೂ ಒಂದೂ ಅಳುವುದಿಲ್ಲ. ಮೊದಲ ದಿನ ಬಂದಾಗ ನನಗೆ ಅದೇ ವಿಚಿತ್ರವೆನಿಸಿತ್ತು.

ದೇವವ್ವ ಒಂದೊಂದು ಕೂಸನ್ನೂ ಕೈಗೆ ತೆಗೆದುಕೊಂಡು, ಸೆರಗಿಗೆ ಅಂಟಿದ ಅರಳೆಯ ಎಳೆಯೊಂದನ್ನು ಬಿಡಿಸಿ ಅದರ ಮೂಗಿನ ಹತ್ತಿರ ಹಿಡಿಯುತ್ತಾಳೆ. ಎಳೆ ಅಲುಗಾಡಿದರೆ ಸರಿ. ಮೆಲ್ಲಗೆ ಅಲುಗಿದರೆ ಹುಬ್ಬು ಗಂಟಿಕ್ಕುತ್ತಾಳೆ. ಆಮೇಲೆ ತಾಯಿಯ ಕಿವಿಯ ಬಳಿ ಬಗ್ಗಿ ಕೇಳುತ್ತಾಳೆ: "ಕೊಟ್ಟು ಬಂದೀಯೇನ?"

ತಾಯಿ ನನ್ನನ್ನು ನೋಡಿ ಬಾಯಿ ಬಿಡುವುದಿಲ್ಲ. "ಇವ್ರು ಪೇಪರಿನವ್ರವಾ, ಪೊಲೀಸರಲ್ಲ," ಎಂದು ದೇವವ್ವ ಹೇಳಿದರೂ ಇಲ್ಲ. ಕೊನೆಗೆ ಕೂಸಿನ ಮೈಮೇಲೆ ಎಲ್ಲೋ ಒಂದು ಗುರುತು ತೋರಿಸಿ, ಸರಸರನೆ ಗೇಟಿನೊಳಗೆ ಹೋಗುತ್ತಾಳೆ. ಆ ಗುರುತು ಯಾವುದು, ಎಲ್ಲಿರುತ್ತದೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಾರಣ ಓದುತ್ತ ಹೋದರೆ ತಿಳಿಯುತ್ತದೆ.

ಗದಗಿಗೆ ನನ್ನನ್ನು ಕಳಿಸಿದ್ದು ಏಕೀಕರಣದ ಸಭೆಯ ಭಾಷಣಗಳನ್ನು ಬರೆದು ತರಲು. ಭಾಷಣಗಳೇನೋ ಚೆನ್ನಾಗಿದ್ದವು, ಚಪ್ಪಾಳೆಯೂ ಜೋರಾಗಿತ್ತು. ನನಗೆ ಮಾತ್ರ ಈ ಚಪ್ಪರ ಬಿಟ್ಟು ಏಳುವ ಮನಸ್ಸಾಗಲಿಲ್ಲ. ಆದ್ದರಿಂದ ಈ ವಾರದ ಪುರವಣಿಯಲ್ಲಿ ಭಾಷಣದ ಜಾಗದಲ್ಲಿ ದೇವವ್ವ ಕುಳಿತಿದ್ದಾಳೆ. ಸಂಪಾದಕರು ನನ್ನ ಮೇಲೆ ಸಿಟ್ಟಾಗಲಿ.

ಗಿರಣಿಯ ಕೆಲಸ ಗೊತ್ತಿರುವವರಿಗೆ ವಿವರಿಸಬೇಕಿಲ್ಲ. ಬೆಳಗಿನಿಂದ ಸಂಜೆಯ ತನಕ ಹೆಂಗಸರು ಸಾಲಾಗಿ ಕುಳಿತು ಹತ್ತಿ ಆರಿಸುತ್ತಾರೆ. ಕೂಸು ಅತ್ತರೆ ತಾಯಿ ಏಳುತ್ತಾಳೆ, ತಾಯಿ ಎದ್ದರೆ ಸಾಲು ನಿಲ್ಲುತ್ತದೆ. ಸಾಲು ನಿಂತರೆ ಮುಕಾದಮ, "ನಾಳೆಯಿಂದ ಬರಬ್ಯಾಡ," ಎನ್ನುತ್ತಾನೆ. ಅದಕ್ಕೇ ಮನೆ ಬಿಡುವ ಮುಂಚೆ ಕೂಸಿಗೆ ಒಂದು ಅಫೀಮಿನ ಗುಳಿಗೆ. ಯಾರೂ ಅದನ್ನು ಅಫೀಮು ಎನ್ನುವುದಿಲ್ಲ. ನಿದ್ದಿ ಗುಳಿಗಿ ಎನ್ನುತ್ತಾರೆ. ಕೂಸು ಮಧ್ಯಾಹ್ನದವರೆಗೂ ಕಣ್ಣು ಬಿಡದೆ ಬಿದ್ದಿರುತ್ತದೆ. ಹಸಿದರೂ ಅದಕ್ಕೆ ಹಸಿವೆಯೆಂದು ತಿಳಿಯುವುದಿಲ್ಲ.

"ನಾನೂ ಕೊಟ್ಟಾಕೀನ. ನಮ್ಮವ್ವ ನನಗ ಕೊಟ್ಟಿದ್ಳು, ನಾ ನನ್ನ ಮಕ್ಕಳಿಗೆ ಕೊಟ್ಟೆ," ಎನ್ನುತ್ತಾಳೆ ದೇವವ್ವ. "ಆವಾಗ ಅಂಗಡ್ಯಾಗ ಸರಕಾರದವ್ರ ಮಾರ್ತಿದ್ರು. ಬಾವಿಕಟ್ಟಿ ಮ್ಯಾಲ ಕುಂತು, ನಿನ್ನ ಕೂಸಿಗೆ ಆತೇನವಾ, ಅಂತ ಒಬ್ರಿಗೊಬ್ರು ಕೇಳ್ತಿದ್ವಿ. ಕಡಿಮಿ ಮಾಡ, ಹೊಟ್ಟಿ ಉಬ್ಬೈತಿ, ಅಂತ ಹಿರ್ಯಾರು ಬೈತಿದ್ರು. ಕೆಟ್ಟದ್ದು ಖರೆ. ಆದ್ರ ಮುಚ್ಚಿಟ್ಟು ಮಾಡಿದ್ದಲ್ಲ."

ಸ್ವರಾಜ್ಯ ಬಂತು. ಮುಂಬಯಿ ಸರಕಾರ ಕುಡಿತದ ಜೊತೆಗೆ ಅಫೀಮಿಗೂ ಕಡಿವಾಣ ಹಾಕಿತು. ಒಳ್ಳೆಯ ಕೆಲಸವೇ, ನಾನು ಆಡಿಕೊಳ್ಳುವುದಿಲ್ಲ. ಚಟ ಹತ್ತಿದ ದೊಡ್ಡವರಿಗೆ ಡಾಕ್ಟರ ಚೀಟಿಯ ಮೇಲೆ ಪರವಾನಗಿ ಸಿಕ್ಕಿತು. ಕೂಸುಗಳಿಗೆ ಪರವಾನಗಿ ಎಲ್ಲಿಂದ ಬರಬೇಕು? ಅಂಗಡಿ ಮುಚ್ಚಿತು, ಗಿರಣಿ ಮುಚ್ಚಲಿಲ್ಲ. ಸಾಲೂ ನಿಲ್ಲಲಿಲ್ಲ, ಮುಕಾದಮನ ಬಾಯಿಯೂ ನಿಲ್ಲಲಿಲ್ಲ. ಮುಂಡರಗಿಯ ಆಚೆ ಹೈದರಾಬಾದಿನ ಗಡಿ ದಾಟಿ ಕಳ್ಳ ಮಾಲು ಬರತೊಡಗಿತು. ಅದು ಒಮ್ಮೆ ಸಪ್ಪೆ, ಇನ್ನೊಮ್ಮೆ ವಿಷ. ಬಾವಿಕಟ್ಟೆಯ ಮಾತು ಮಾತ್ರ ಪೂರಾ ನಿಂತುಹೋಯಿತು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ ಎಂಬ ಗಾದೆಯನ್ನು ನಮ್ಮ ಹೆಂಗಸರು ಮಾನದ ಕಡೆಯಿಂದ ಹಿಡಿದುಕೊಂಡರು.

ದೇವವ್ವನ ಮನೆಯಲ್ಲೂ ಹಾಗೇ ಆಯಿತು. ಸೊಸೆ ಕರಿಯವ್ವ ಗಿರಣಿಗೆ ಹೊರಡುವ ಮುಂಚೆ ಕೂಸಿಗೆ ಗುಳಿಗೆ ಕೊಟ್ಟಳು. ಅತ್ತೆಗೆ ಗೊತ್ತಾದರೆ ಕೇರಿಗೆಲ್ಲ ಗೊತ್ತಾದೀತೆಂದು ಹೇಳಲಿಲ್ಲ. ಸೊಸೆ ಕಾನೂನಿಗೆ ಹೆದರಿ ಬಿಟ್ಟಿದ್ದಾಳೆ ಎಂದುಕೊಂಡ ದೇವವ್ವ, ಕೂಸು ಒಂದಿಷ್ಟು ಕುಂಯ್ ಎಂದದ್ದಕ್ಕೆ ತಾನೂ ಒಂದು ಕೊಟ್ಟಳು. ಗಂಡು ಕೂಸು, ಇನ್ನೂ ಹಲ್ಲು ಬಂದಿರಲಿಲ್ಲ. ಸಂಜೆ ಕರಿಯವ್ವ ಬಂದು ಮೊಲೆಗೆ ಹಚ್ಚಿದಾಗ ಅದರ ಬಾಯಿ ತಣ್ಣಗಿತ್ತು.

ಇದನ್ನು ಹೇಳುವಾಗ ಅತ್ತೆ ಸೊಸೆ ಇಬ್ಬರೂ ನನ್ನೆದುರಿಗೇ ಇದ್ದಾರೆ. ಕರಿಯವ್ವ ಊಟದ ಬಿಡುವಿನಲ್ಲಿ ಬಂದು ರೊಟ್ಟಿ ಬಿಚ್ಚಿದ್ದಾಳೆ.

"ಅತ್ತಿ ಮ್ಯಾಲ ನನಗ ಸಿಟ್ಟಿಲ್ಲರಿ," ಎನ್ನುತ್ತಾಳೆ ಕರಿಯವ್ವ. "ಇಬ್ರೂ ಜ್ವಾಕಿ ಮಾಡಾಕಂತನ ಕೊಟ್ಟಿದ್ವಿ. ಒಂದ ಮಾತ ಆಡಿದ್ರ ಕೂಸು ಇರ್ತಿತ್ತು."

ದೇವವ್ವ ಸೊಸೆಯ ರೊಟ್ಟಿಯ ಮೇಲೆ ಒಂದು ಚಮಚ ಚಟ್ನಿಪುಡಿ ಹಾಕುತ್ತಾಳೆ.

ಅಲ್ಲಿಂದ ಶುರುವಾದದ್ದು ಅಂಗಾಲಿನ ಕಾಡಿಗೆ. ಯಾರೇ ಗುಳಿಗೆ ಕೊಡಲಿ, ಕೊಟ್ಟ ಕೂಡಲೇ ಕೂಸಿನ ಅಂಗಾಲಿಗೆ ಒಂದು ಕಾಡಿಗೆಯ ಬೊಟ್ಟು ಇಡಬೇಕು. ದೃಷ್ಟಿಬೊಟ್ಟೆಂದು ನೋಡಿದವರು ಸುಮ್ಮನಾಗುತ್ತಾರೆ. ಅತ್ತೆಯಾಗಲಿ, ಅಜ್ಜಿಯಾಗಲಿ, ಮುಂದೆ ಯಾರೇ ಕೂಸನ್ನು ಎತ್ತಿಕೊಂಡರೂ ಮೊದಲು ಕಾಲು ತಿರುಗಿಸಿ ನೋಡಬೇಕು. ಬಾಯಿ ಬಿಟ್ಟು ಕೇಳುವುದೂ ಬೇಡ, ಹೇಳುವುದೂ ಬೇಡ. ಮನೆಮನೆಗೆ ಹೋಗಿ ದೇವವ್ವ ಇದನ್ನು ಕಲಿಸಿದಳು. ಜೊತೆಗೆ ಗಿರಣಿಯ ಗೇಟಿನ ಬದಿ ಕೂಸುಗಳನ್ನು ನೋಡಿಕೊಳ್ಳತೊಡಗಿದಳು. ತಾಯಂದಿರು ಸಂತೆಯ ದಿನ ಜೋಳವನ್ನೋ, ಎಣ್ಣೆಯನ್ನೋ ತಂದುಕೊಡುತ್ತಾರೆ. ಅಷ್ಟೇ ಅವಳ ಸಂಬಳ.

ಕಾಡಿಗೆಯಿಂದ ಸಾವು ತಪ್ಪೀತು, ಚಟ ತಪ್ಪುವುದಿಲ್ಲ. ಅದಕ್ಕೆ ದೇವವ್ವ ಗುಳಿಗೆಯನ್ನು ದಿನದಿಂದ ದಿನಕ್ಕೆ ಕಿರಿದು ಮಾಡಿಸುತ್ತಾಳೆ. ಬಿಡಿಸುವ ದಿನಗಳನ್ನು ನಾನು ಕಣ್ಣಾರೆ ನೋಡಿದೆ, ನೋಡಲಾಗುವುದಿಲ್ಲ. ಕೂಸಿಗೆ ಸೀನಿನ ಮೇಲೆ ಸೀನು, ಕೈಕಾಲು ನಡುಗುತ್ತವೆ, ಕುಡಿದ ಹಾಲು ನಿಲ್ಲುವುದಿಲ್ಲ. ಅಳು ಕೇಳಿದರೆ ಯಾರೋ ಚಿವುಟುತ್ತಿದ್ದಾರೆ ಅನಿಸುತ್ತದೆ. ಅಂಥ ಕೂಸನ್ನು ಹೆಗಲಿಗೆ ಹಾಕಿಕೊಂಡು ಈ ಮುದುಕಿ ದಿನವಿಡೀ ಚಪ್ಪರದ ಒಳಗೇ ತಿರುಗುತ್ತಾಳೆ. ಎಲ್ಲ ಕೂಸುಗಳೂ ಉಳಿಯುವುದಿಲ್ಲ. "ಉಸುರು ನಿಂತ ಕೂಸು ಕೈಯಾಗ ಇದ್ದಾಗ ಏನು ಮಾಡಬೇಕು ಅನ್ನೂದು ನನಗ ಗೊತ್ತಿಲ್ಲರಿ. ಬೆನ್ನ ತಿಕ್ತೀನಿ, ಅಂಗಾಲ ತಿಕ್ತೀನಿ. ಅದು ಸಾಲೂದಿಲ್ಲ," ಎನ್ನುತ್ತಾಳೆ.

ಹೋದ ವರ್ಷ ಮುಂಬಯಿಯಿಂದ ಡಾಕ್ಟರ ಕುತುಬುದ್ದೀನ ಬಂದರು. ಅಫೀಮಿನ ಚಟದ ಮೇಲೆ ಸಂಶೋಧನೆ ನಡೆಸುವವರು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಎಲ್ಲ ಸುತ್ತಿ ಈ ಚಪ್ಪರಕ್ಕೆ ಬಂದು, ನೆಲದ ಮೇಲೆ ಕುಳಿತು, ದೇವವ್ವನ ಕೈಯ ಚಹಾ ಕುಡಿದು, ಕಾಡಿಗೆಯ ಗುರುತನ್ನು ಬಾಯ್ತುಂಬ ಹೊಗಳಿದರು. ಒಳ್ಳೆಯ ಮನುಷ್ಯ. ಊರಿಗೆ ಹೋಗಿ ಸರಕಾರಕ್ಕೆ ವರದಿ ಬರೆದರು, ಅದರಲ್ಲಿ ಕಾಡಿಗೆಯ ವಿಷಯವನ್ನೂ ಹೊಗಳಿಯೇ ಬರೆದರು.

ಆ ವರದಿ ಓದಬೇಕಾದವರಿಗಿಂತ ಮೊದಲು ಪೊಲೀಸರು ಓದಿದರು. ಒಂದು ಮುಂಜಾನೆ ಗಿರಣಿಯ ಗೇಟಿನಲ್ಲಿ ಶಿಪಾಯಿಗಳು ನಿಂತು, ಬಂದ ಬಂದ ಕೂಸಿನ ಕಾಲು ತಿರುಗಿಸಿ ನೋಡಿದರು. ಕಾಡಿಗೆ ಇದ್ದವರನ್ನೆಲ್ಲ ಬದಿಗೆ ನಿಲ್ಲಿಸಿದರು. ಮೊದಲು ಸಿಕ್ಕವಳು ಅಲ್ಮಾಸಬಿ, ಗಂಡ ಸತ್ತ ಹೆಣ್ಣುಮಗಳು. ಮಾಲು ತಂದು ಮಾರಿದವರು ಯಾರೂ ಸಿಗಲಿಲ್ಲ. ಗುಳಿಗೆ ಕೊಡದೆ ದುಡಿಯಲಾಗದಂತೆ ಮಾಡಿದವರನ್ನು ಯಾರೂ ಹುಡುಕಲೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮಲ್ಲಿ ಹೊಸದಲ್ಲ. ಅಲ್ಮಾಸಬಿಯ ಹೆಸರು ಕೋರ್ಟಿನಲ್ಲಿ ಕೂಗಿ ಆಗಿದೆ. ಬರೆಯಿರಿ ಎಂದು ಅವಳೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

"ಜೈಲಿನ್ಯಾಗ ಇದ್ದಾಗ ಕೂಸು ನಮ್ಮವ್ವನ ಕಡೆ ಇತ್ತು," ಎಂದು ಅಲ್ಮಾಸಬಿ ಹೇಳುತ್ತಾಳೆ. "ಬಂದು ನೋಡಿದ್ರ ನನ್ನ ಗುರ್ತ ಹಿಡೀಲಿಲ್ಲ. ಗಿರಣ್ಯಾಗ ಕೆಲಸಾನೂ ಹೋತು. ಆದ್ರ ನನ್ನ ಕೂಸು ಜೀವಂತ ಐತ್ರಿ. ನಾ ಪುಣ್ಯವಂತಿ."

ಪುಣ್ಯವಂತಿ ಎಂದದ್ದು ಸುಮ್ಮನೆ ಅಲ್ಲ. ಆ ಮುಂಜಾನೆಯ ನಂತರ ಮನೆಮನೆಯಲ್ಲೂ ಹೆಂಗಸರು ಕೂಸುಗಳ ಅಂಗಾಲು ತೊಳೆದರು. ಗುರುತು ಹೋಯಿತು, ಗುಳಿಗೆ ಉಳಿಯಿತು. ಆ ಸುಗ್ಗಿ ಮುಗಿಯುವುದರೊಳಗೆ ಅಂತೂರ ಬೆಂತೂರಿನ ಕೂಸೊಂದು ಇದೇ ಚಪ್ಪರದಲ್ಲಿ, ದೇವವ್ವನ ತೋಳಿನಲ್ಲಿ ಸತ್ತಿತು. ಮನೆಯಲ್ಲಿ ತಾಯಿ ಕೊಟ್ಟಿದ್ದಳು, ಅಜ್ಜಿಯೂ ಕೊಟ್ಟಿದ್ದಳು. ದೇವವ್ವ ಅದರ ಕಾಲು ತಿರುಗಿಸಿ ನೋಡಿದಾಗ ಅಂಗಾಲು ಬೆಳ್ಳಗಿತ್ತು. ಬೆನ್ನು ತಿಕ್ಕಿದಳು, ಹೆಸರು ಹಿಡಿದು ಕೂಗಿದಳು. ಅರಳೆಯ ಎಳೆ ಅಲುಗಲಿಲ್ಲ. ಆಮೇಲೆ ಅವಳು ಮತ್ತೆ ಮನೆಮನೆಗೆ ಹೋಗಿ ಬೇರೊಂದು ಗುರುತು ಕಲಿಸಿದಳು; ನಾನು ಬರೆಯದೆ ಬಿಟ್ಟದ್ದು ಅದನ್ನೇ.

ಸುದ್ದಿ ತಿಳಿದು ಡಾಕ್ಟರ ಕುತುಬುದ್ದೀನ ಮತ್ತೆ ಬಂದರಂತೆ. ಚಪ್ಪರದೊಳಗೆ ಕಾಲಿಡದೆ ಹೊರಗೇ ನಿಂತು ಅತ್ತರಂತೆ. ಆಮೇಲೆ ಓಡಾಡಿ ಒಂದು ದಾರಿ ಮಾಡಿದರು. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಅಫೀಮಿನ ಕೂಸುಗಳ ಶುಶ್ರೂಷೆಗೆಂದೇ ತರಬೇತಿ ಶುರುವಾಗಿದೆ. ನಿಂತ ಉಸಿರನ್ನು ಬಾಯಿಂದ ಊದಿ ಮರಳಿಸುವುದು, ನಡುಗುವ ಕೂಸಿಗೆ ಔಷಧ ಕೊಡುವುದು, ಎಲ್ಲವನ್ನೂ ಅಲ್ಲಿ ಕಲಿಸುತ್ತಾರೆ. ಓದುಬರಹ ಬಾರದ ದೇವವ್ವನಿಗೂ ಅಲ್ಲೊಂದು ಜಾಗ ಮಾಡಿಸಿದ್ದಾರೆ. ಆದರೆ ಅದಕ್ಕೆ ಒಪ್ಪಿಗೆ ಕೊಡಬೇಕಾದ ಸರಕಾರಿ ಕಚೇರಿಯವರು ಒಂದು ಷರತ್ತು ಹಾಕಿದ್ದಾರೆ: ಗುಳಿಗೆ ಕೊಡುವ ತಾಯಂದಿರು ಯಾರ್ಯಾರು ಎಂದು ದೇವವ್ವ ಹೇಳಬೇಕು. ಸಂಶೋಧನೆಗೆ ಮಾತ್ರ ಎನ್ನುತ್ತಾರೆ. ಡಾಕ್ಟರರ ವರದಿಯೂ ಸಂಶೋಧನೆಗೆ ಮಾತ್ರವಾಗಿತ್ತು. ಡಾಕ್ಟರ ಬೇಡವೆಂದರೂ ಷರತ್ತು ತೆಗೆಯಲಿಲ್ಲ.

ಹೋಗಬೇಕೆಂಬ ಆಸೆ ಅವಳಿಗೆ ಎಷ್ಟಿದೆ ಎಂಬುದನ್ನು ನಾನು ನೋಡಿದ್ದೇನೆ. ರೈಲು ಎಲ್ಲಿ ಬದಲಿಸಬೇಕು, ಮುಂಬಯಿಯಲ್ಲಿ ಜೋಳ ಸಿಗುತ್ತದೆಯೇ, ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದಳು. "ಊದೂದು ಅಂತಾರಲ್ರೀ, ಹೆಂಗ ಊದ್ತಾರ? ಒಲಿ ಊದಿದಂಗ ಏನು? ಕೂಸಿನ ಎದಿ ಸಣ್ಣದಿರತೈತಿ, ಒಡದೀತಲ್ಲ?" ನನಗೆ ಗೊತ್ತಿದ್ದರೆ ಹೇಳುತ್ತಿದ್ದೆ. ಪತ್ರಿಕೆಯವರಿಗೆ ಬರೆಯಲು ಬರುತ್ತದೆ, ಅಷ್ಟೇ.

ಇವತ್ತು ಅವಳು ಉತ್ತರ ಕೊಡುವ ದಿನ. ಬಿಸಿಲೇರುವ ಹೊತ್ತಿಗೆ ಕಚೇರಿಯ ಗುಮಾಸ್ತ ಸೈಕಲ್ ಮೇಲೆ ಬಂದು ಚಪ್ಪರದ ಕಂಬಕ್ಕೆ ಒರಗಿ ನಿಲ್ಲುತ್ತಾನೆ. ಕೆಟ್ಟವನಲ್ಲ, ಹೇಳಿ ಕಳಿಸಿದ ಕೆಲಸ ಮುಗಿಸಿ ಊಟಕ್ಕೆ ಹೋಗಬೇಕಾದವನು. ಮೊದಲನೆಯ ತೊಟ್ಟಿಲಿನತ್ತ ಕೈ ಮಾಡುತ್ತಾನೆ.

"ಈ ಕೂಸು ಯಾರದಬೇ?"

"ನಂದರಿ."

"ಆ ಬಾಜೂದ್ದು?"

"ಅದೂ ನಂದ."

ಗುಮಾಸ್ತ ನಗುತ್ತಾನೆ. "ಈ ವಯಸ್ಸಿನ್ಯಾಗ ಇಷ್ಟ ಮಂದೀನ ಹಡದೀಯೇನ? ಖರೆ ಹೇಳ."

"ಖರೇನ ಹೇಳಾಕತ್ತೀನ್ರಿ. ಎಲ್ಲಾ ನನ್ನವ. ಗುಳಿಗಿ ಕೊಟ್ಟಾಕೀನೂ ನಾನ. ಹಂಗ ಬರಕೋರಿ."

ಅವನ ನಗು ನಿಲ್ಲುತ್ತದೆ. "ಹಂಗ ಬರದ್ರ ಮುಂಬಯಿ ಹೋತು. ಸೀದಾ ಜೈಲಿಗೆ ಹೋಗ್ತಿ. ತಿಳೀತೇನ?"

"ತಿಳೀತ್ರಿ," ಎನ್ನುತ್ತಾಳೆ ದೇವವ್ವ. ಹೆಗಲ ಮೇಲಿನ ಕೂಸು ಸೀನುತ್ತದೆ. ಅದರ ಮೂಗು ಒರೆಸಿ, ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಗುಮಾಸ್ತನ ಕಡೆ ತಿರುಗುತ್ತಾಳೆ.

"ಒಂದ ಮಾತರಿ ರಾವಸಾಹೇಬ್ರ. ಆ ಊದೂದು ಕಲ್ತವ್ರು ಯಾರರೆ ಇದ್ರ, ನನ್ನ ಒಯ್ಯೂಕಿಂತ ಮದಲ ಅವ್ರನ್ನ ಇಲ್ಲಿಗೆ ಕಳಸ್ರಿ. ಕೂಸುಗೋಳನ್ನ ಅವ್ರ ಕೈಯಾಗ ಕೊಟ್ಟ ಬರ್ತೀನಿ."